ಒಂದೇ ಸಲ ಉಟ್ಟಿದ್ದು

ಮೊದಲು ಬೀರು ತೆಗೆಯಿರಿ. ನಿಮ್ಮದಲ್ಲ, ಅತ್ತೆಯದು. ನಿಮ್ಮ ಬೀರುವಿನಲ್ಲಿ ಇರುವುದು ಚೂಡಿದಾರ, ನೈಟಿ, ಮುಯ್ಯಿಗೆ ಬಂದ ಪಾಲಿಯೆಸ್ಟರ್ ಸೀರೆ. ಅವನ್ನೆಲ್ಲ ಬೀದಿಯಲ್ಲಿ ಬರುವ ಪಾತ್ರೆಯವಳಿಗೆ ಕೊಟ್ಟು ಒಂದು ಸ್ಟೀಲ್ ಡಬರಿ ಇಸ್ಕೊಳ್ಳಿ. ದುಡ್ಡಿರುವುದು ಅತ್ತೆಯ ಬೀರುವಿನ ಕೆಳಗಿನ ಖಾನೆಯಲ್ಲಿ, ಹಳೇ ಪಂಚೆಯಲ್ಲಿ ಸುತ್ತಿ ನುಸಿಗುಳಿಗೆ ಹಾಕಿಟ್ಟ ಗಂಟಿನಲ್ಲಿ. ಅವರು ಮಧ್ಯಾಹ್ನ ಮಲಗಿದಾಗ ಗಂಟು ಬಿಚ್ಚಿ. ಎದ್ದು ಬಂದು ಕೇಳಿದರೆ "ಬಿಸಿಲಿಗೆ ಹಾಕ್ತಾ ಇದೀನಿ ಅತ್ತೆ" ಅನ್ನಿ. ರೇಷ್ಮೆಯನ್ನು ಬಿಸಿಲಿಗೆ ಹಾಕಬಾರದು, ನೆರಳಲ್ಲಿ ಗಾಳಿಗೆ ಹರವಬೇಕು ಎಂದು ಅವರಿಗೆ ಚೆನ್ನಾಗಿ ಗೊತ್ತು. ಬಿಸಿಲಿನ ವಿಷಯಕ್ಕೇ ಬೈಯುತ್ತ ಕೂರುತ್ತಾರೆ, ಸೀರೆಯ ವಿಷಯ ಅಲ್ಲಿಗೆ ತಪ್ಪಿಹೋಗುತ್ತದೆ.

ಸೋಮನಾಥಪುರದಲ್ಲಿ ಕೂತು ಆನ್‌ಲೈನಿನಲ್ಲಿ ಹಳೇ ಸೀರೆ ಮಾರುವವರಿಗೆ ಊರೇ ಅರ್ಧ ಬಂಡವಾಳ. ನಮ್ಮ ತಾಲ್ಲೂಕು ಕೇಂದ್ರ ಟಿ. ನರಸೀಪುರದಲ್ಲಿ ಸರ್ಕಾರಿ ರೇಷ್ಮೆ ನಿಗಮ ಕೆಎಸ್‌ಐಸಿಯ ಕಾರ್ಖಾನೆ ಇದೆ, ಗೂಡಿನಿಂದ ರೇಷ್ಮೆ ನೂಲು ತೆಗೆಯುವಂಥದ್ದು. ನೂಲು ನೇಯುವ ಕಾರ್ಖಾನೆ ಇರುವುದು ಮೈಸೂರಿನಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ ಶುರುವಾದದ್ದು. ಎರಡಕ್ಕೂ ನಿಮಗೂ ಯಾವ ಸಂಬಂಧವೂ ಇಲ್ಲ. ಅದನ್ನು ಯಾರಿಗೂ ಹೇಳಬೇಡಿ. "ರೇಷ್ಮೆಯ ತವರಿನಿಂದ ನೇರ ನಿಮ್ಮ ಮನೆಗೆ" ಎಂದು ಬರೆಯಿರಿ. ಸೂರತ್ತಿನಿಂದ ಬಂದ ಸೆಮಿ ಕ್ರೇಪ್ ಆದರೂ ಸರಿಯೇ. ನಿಮ್ಮ ಮನೆಯಿಂದ ಹೊರಟದ್ದು ನೇರವಾಗಿಯೇ ಹೊರಟಿರುತ್ತದೆ.

ಈಗ ಮುಖ್ಯವಾದ ವಿಷಯಕ್ಕೆ ಬನ್ನಿ. ನೀವು ಮನೆಯವರೋ ವ್ಯಾಪಾರಿಯೋ? ಹೊಸಬರು ಇದನ್ನು ಮೊದಲ ದಿನವೇ ತೀರ್ಮಾನ ಮಾಡಿಬಿಡುತ್ತಾರೆ, ಆಮೇಲೆ ಕಷ್ಟ ಅನುಭವಿಸುತ್ತಾರೆ. ನೀವು ತೀರ್ಮಾನ ಮಾಡಬೇಡಿ. ಬೆಲೆ ಹೇಳುವಾಗ ವ್ಯಾಪಾರಿಯಾಗಿರಿ: ಪುಟಕ್ಕೊಂದು ದೊಡ್ಡ ಹೆಸರು, ತಾವರೆಯ ಲೋಗೋ, ಕೊನೆಯಲ್ಲಿ "ಕಲೆಕ್ಷನ್ಸ್" ಇರಲಿ. ದೂರು ಬಂದಾಗ ಮನೆಯವರಾಗಿರಿ: "ಅಯ್ಯೋ, ನಾನು ಹೌಸ್‌ವೈಫು, ಮನೇಲಿದ್ದ ಒಂದೆರಡು ಸೀರೆ ಹಾಕಿದ್ದೆ ಅಷ್ಟೆ." ಎರಡೂ ಪಾತ್ರಕ್ಕೆ ಒಂದೇ ಫೋನ್ ನಂಬರ್ ಸಾಕು, ದನಿ ಬದಲಾಯಿಸಿದರಾಯಿತು. ಯುರೋಪಿನಲ್ಲಿ ಇದು ನಡೆಯುವುದಿಲ್ಲ. ಅಲ್ಲಿ ವಿಂಟೆಡ್ ಎಂಬ ಆ್ಯಪ್ ಇದೆ, 2008ರಲ್ಲಿ ಲಿಥುವೇನಿಯಾದ ವಿಲ್ನಿಯಸ್‌ನಲ್ಲಿ ಹುಟ್ಟಿದ್ದು. ಮುಖ್ಯವಾಗಿ ಉಟ್ಟ ಬಟ್ಟೆ ಮಾರುವುದಕ್ಕೆ ಇರುವಂಥದ್ದು. ಒಬ್ಬರು ವರ್ಷದಲ್ಲಿ 30 ಮಾರಾಟ ಮುಟ್ಟಿದರೆ ಅಥವಾ 2000 ಯೂರೋ ದಾಟಿದರೆ ಅವರ ಲೆಕ್ಕವನ್ನು ಆ್ಯಪಿನವರೇ ತೆರಿಗೆ ಇಲಾಖೆಗೆ ಕೊಡಬೇಕೆಂದು ಅಲ್ಲಿ ಕಾನೂನಿದೆ. ಪಾಪ, ಅವರಿಗೆ ವಾಟ್ಸಾಪ್ ಗ್ರೂಪಿನ ಮಹಿಮೆ ಗೊತ್ತಾಗಿಲ್ಲ.

ಸೀರೆಯನ್ನು ಹಾಸಿಗೆಯ ಮೇಲೆ ಹರವಿ, ಕಿಟಕಿಯ ಬೆಳಕಿನಲ್ಲಿ ಒಂದೊಂದು ಮೊಳವಾಗಿ ನೋಡುತ್ತ ಹೋಗಿ. ಇದೊಂದು ಕೆಲಸವನ್ನು ಮಾತ್ರ ಪ್ರಾಮಾಣಿಕವಾಗಿ ಮಾಡಬೇಕು. ಎಲ್ಲೆಲ್ಲಿ ಏನಿದೆ ಎಂದು ಗೊತ್ತಿಲ್ಲದಿದ್ದರೆ ಮುಚ್ಚುವುದು ಹೇಗೆ? ಎಡಭುಜ ಬರುವ ಜಾಗದಲ್ಲಿ ಪಿನ್ನಿನ ತೂತು ಇರುತ್ತದೆ, ಒಂದರ ಪಕ್ಕ ಒಂದು, ಪಿನ್ ಹಾಕಿದ ಪ್ರತಿ ಮದುವೆಗೂ ಒಂದು ಜೊತೆ. ಸೊಂಟದ ಹತ್ತಿರ ಒಡಲು ಬೆವರಿಗೆ ಬಣ್ಣ ಬಿಟ್ಟಿರುತ್ತದೆ. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿ ಇಟ್ಟಿದ್ದರಿಂದ ಮಡಿಕೆಯ ಗೆರೆಯುದ್ದಕ್ಕೂ ರೇಷ್ಮೆ ಸೀಳಿರುತ್ತದೆ, ಬೆರಳಿಟ್ಟರೆ ಇನ್ನಷ್ಟು ಬಿಡುತ್ತದೆ. ಬೆರಳಿಡಬೇಡಿ. ಫಾಲ್ ಹೊಲಿದವನು ಕೆಂಪು ಸೀರೆಗೆ ಕಾಫಿಪುಡಿ ಬಣ್ಣದ ದಾರ ಹಾಕಿರುತ್ತಾನೆ. ಅಂಚನ್ನೂ ಫಾಲನ್ನೂ ಬಿಡಿಸಿ ನೋಡಿದರೆ ನಡುವೆ ಒಂದು ಅಕ್ಷತೆ ಕಾಳು ಸಿಕ್ಕಿಕೊಂಡಿರುತ್ತದೆ, ಅರಿಶಿನ ಇನ್ನೂ ಹೋಗಿರುವುದಿಲ್ಲ. ಅದನ್ನು ಉಗುರಿನಿಂದ ಎಬ್ಬಿಸಿ ಬಿಸಾಡಿ. "ಒಂದೇ ಸಲ ಉಟ್ಟಿದ್ದು" ಎಂದು ಬರೆಯುವ ಸೀರೆಯಲ್ಲಿ ಯಾರ ಮದುವೆಯ ಅಕ್ಷತೆಯೂ ಇರಬಾರದು.

ಹೌದು, ಎಲ್ಲ ಸೀರೆಗೂ ಅದನ್ನೇ ಬರೆಯಿರಿ. "ಒಮ್ಮೆಯೂ ಉಟ್ಟಿಲ್ಲ" ಎಂದರೆ ಜನ ನಂಬುವುದಿಲ್ಲ, "ನಾಲ್ಕೈದು ಸಲ" ಎಂದರೆ ಕೊಳ್ಳುವುದಿಲ್ಲ. ಒಂದು ಸಲ ಎಂಬುದು ನಂಬಿಕೆಗೂ ಲಾಭಕ್ಕೂ ಸಮವಾಗಿ ಒಗ್ಗುವ ಸಂಖ್ಯೆ. ಆ ಒಂದು ಸಲ ಬೆಳಗ್ಗೆ ಶುರುವಾಗಿ ಮೂವತ್ತು ವರ್ಷ ನಡೆಯಿತು ಎಂಬ ವಿವರ ಬೇಕಾಗಿಲ್ಲ.

ಬೇರೆ ದೋಷಗಳಿಗೂ ತಕ್ಕ ಹೆಸರು ಇಟ್ಟುಕೊಳ್ಳಿ. ಜರಿ ಕಪ್ಪಾಗಿದ್ದರೆ "ಆಂಟಿಕ್ ಫಿನಿಶ್". ಬಣ್ಣ ಹೋಗಿದ್ದರೆ "ಪೇಸ್ಟಲ್ ಶೇಡ್". ರಫು ಮಾಡಿದ್ದರೆ "ಹ್ಯಾಂಡ್‌ವರ್ಕ್". ನುಸಿ ತಿಂದು ಜಾಲರಿಯಾಗಿದ್ದರೆ "ಲೈಟ್‌ವೇಟ್, ಬೇಸಿಗೆಗೆ ಹೇಳಿ ಮಾಡಿಸಿದ್ದು". ಒಬ್ಬರಾದರೂ ಕೇಳಿಯೇ ಕೇಳುತ್ತಾರೆ: "ಏನಾದ್ರೂ ಡ್ಯಾಮೇಜ್ ಇದ್ಯಾ ಅಕ್ಕಾ?" ಇದಕ್ಕೆ ಇಲ್ಲ ಅನ್ನಬೇಡಿ, ಇದೆ ಅನ್ನಲೂ ಬೇಡಿ. ಒಂದು ಕೈಮುಗಿಯುವ ಚಿತ್ರ ಕಳಿಸಿ.

ಅಸಲಿ ಮೈಸೂರು ಸಿಲ್ಕ್ ಇದ್ದರೆ ಒಂದು ತೊಂದರೆಯಿದೆ. ಕೆಎಸ್‌ಐಸಿಯವರು ಸೀರೆ ಸೀರೆಗೂ ಗುರುತಿನ ಸಂಖ್ಯೆ ಹಾಕುತ್ತಾರೆ, ನಕಲು ತಡೆಯಲೆಂದು. 2005ರಿಂದ ಭೌಗೋಳಿಕ ಗುರುತಿನ ರಕ್ಷಣೆಯೂ ಇದೆ, ಹಾಗಾಗಿ ಬೇರೆಯವರು ನೇಯ್ದದ್ದಕ್ಕೆ ಆ ಹೆಸರು ಇಡುವಂತಿಲ್ಲ. ಜರಿಯಲ್ಲಿ ಶೇ 65 ಬೆಳ್ಳಿ, ಶೇ 0.65 ಚಿನ್ನ ಎಂಬ ಲೆಕ್ಕವನ್ನೂ ಹೇಳುತ್ತಾರೆ. ಇಷ್ಟೆಲ್ಲ ಖಚಿತವಾಗಿದ್ದರೆ ಕಲ್ಪನೆಗೆ ಜಾಗ ಎಲ್ಲಿ? ಆದ್ದರಿಂದ ಅಸಲಿ ಸೀರೆಯ ಸಂಖ್ಯೆಯ ಚಿತ್ರವನ್ನು ಒಮ್ಮೆ ಚೆನ್ನಾಗಿ ತೆಗೆದಿಟ್ಟುಕೊಳ್ಳಿ. ಆಮೇಲೆ ಆ ಚಿತ್ರವನ್ನು ಉಳಿದ ಸೀರೆಗಳಿಗೆಲ್ಲ ಹಾಕುತ್ತ ಹೋಗಿ. ಕೊಳ್ಳುವವರು ಎರಡೆಳೆ ನೂಲು ಸುಟ್ಟು ನೋಡುತ್ತೇನೆ ಎಂದರೆ ಬಿಡಬೇಡಿ. ಅಸಲಿ ರೇಷ್ಮೆ ಕೂದಲು ಸುಟ್ಟ ವಾಸನೆ ಕೊಟ್ಟು ಪುಡಿಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಮಣಿ ಕಟ್ಟುತ್ತದೆ. ಮಣಿ ಕಂಡ ಮೇಲೆ ವಾದ ಮಾಡುವುದು ಬಹಳ ಕಷ್ಟ. "ಉಟ್ಟ ಸೀರೆ ಸುಡೋದು ಅಪಶಕುನ ಅಕ್ಕಾ" ಅನ್ನಿ. ಅಲ್ಲಿಗೆ ವಿಜ್ಞಾನ ನಿಲ್ಲುತ್ತದೆ.

ಇನ್ನು ಚಿತ್ರ. ಮನೆಯ ಹಸಿರು ಗೋಡೆಯ ಮುಂದೆ ತೆಗೆದ ಸೀರೆ ಮನೆಯ ಸೀರೆಯಾಗಿಯೇ ಉಳಿಯುತ್ತದೆ. ನಾದಿನಿಗೆ ಉಡಿಸಿ ನಮ್ಮೂರ ಕೇಶವ ದೇವಸ್ಥಾನಕ್ಕೆ ಕರೆದುಕೊಂಡು ಹೋಗಿ. 1258ರ ಕಟ್ಟಡ, 2023ರಿಂದ ಬೇಲೂರು, ಹಳೇಬೀಡಿನ ಜೊತೆ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಅದರ ಮುಂದೆ ನಿಂತ ಯಾವ ಬಟ್ಟೆಯೂ ಹಳೆಯದಾಗಿ ಕಾಣುವುದಿಲ್ಲ. ಟ್ರೈಪಾಡ್ ಇಡಬೇಕಾದರೆ ಪುರಾತತ್ವ ಇಲಾಖೆಯ ಅನುಮತಿ ಬೇಕು. ನಿಮಗೆ ಟ್ರೈಪಾಡೇ ಬೇಡ, ಚಿತ್ರ ಸ್ವಲ್ಪ ಅಲುಗಾಡಿರಬೇಕು. ತೂತು ನೆರಿಗೆಯೊಳಗೆ, ಕಲೆ ಸೊಂಟದ ಸುತ್ತಿನೊಳಗೆ, ರಫು ಸೆರಗಿನ ಒಳಮಗ್ಗುಲಿಗೆ ಬರುವಂತೆ ಉಡಿಸಿ. ನಾದಿನಿ ಕೈ ಎತ್ತಬಾರದು, ಬಗ್ಗಬಾರದು, ಸಾಧ್ಯವಾದಷ್ಟು ಉಸಿರಾಡಬಾರದು. ಚಿತ್ರದ ಕೆಳಗೆ "ಶಿಲಾಬಾಲಿಕೆ ಕಲೆಕ್ಷನ್" ಎಂದು ಹಾಕಿ. ಮದನಿಕೆಯರು ಇರುವುದು ಬೇಲೂರಿನಲ್ಲಿ, ಇಲ್ಲಲ್ಲ ಎಂದು ಯಾರಾದರೂ ಮೇಷ್ಟ್ರು ತಿದ್ದಲು ಬಂದರೆ ಬ್ಲಾಕ್ ಮಾಡಿ. ಅಂಥವರು ಸೀರೆ ಕೊಳ್ಳುವುದಿಲ್ಲ.

ದೇವಸ್ಥಾನಕ್ಕೆ ಹೋದಾಗ ಒಂದು ಪಾಠವನ್ನೂ ಕಲಿತು ಬನ್ನಿ. ಹೊರಗೋಡೆಯ ಮೂರ್ತಿಗಳ ಕೆಳಗೆ ಮಲ್ಲಿತಮ್ಮ ಎಂಬ ಶಿಲ್ಪಿ ಎಷ್ಟೋ ಕಡೆ ತನ್ನ ಹೆಸರು ಕೊರೆದಿದ್ದಾನೆ. ಗುಡಿ ಕಟ್ಟಿಸಿದವನು ಮೂರನೇ ನರಸಿಂಹನ ದಂಡನಾಯಕ ಸೋಮನಾಥ; ಅವನಂತೂ ಊರಿಗೇ ತನ್ನ ಹೆಸರಿಟ್ಟ. ಏಳು ಶತಮಾನ ದಾಟಿದೆ; ಇವತ್ತಿಗೂ ಒಂದು ಮೂರ್ತಿಯ ಬೆರಳು ಸರಿಯಿಲ್ಲ ಎಂದು ದೂರು ಕೊಡಬೇಕಾದರೆ ಯಾರ ಮೇಲೆ ಕೊಡಬೇಕೆಂದು ಎಲ್ಲರಿಗೂ ಗೊತ್ತು. ನೀವು ಹಾಗೆ ಮಾಡಿಕೊಳ್ಳಬೇಡಿ. 2020ರ ಇ-ಕಾಮರ್ಸ್ ನಿಯಮಗಳು ಆನ್‌ಲೈನಿನಲ್ಲಿ ಮಾರುವ ವ್ಯಾಪಾರಿ ತನ್ನ ಹೆಸರು, ವಿಳಾಸ, ದೂರು ಕೇಳುವವರ ವಿವರ ಕೊಡಬೇಕು ಎನ್ನುತ್ತವೆ. ನೀವು "ಲೊಕೇಶನ್: ಕರ್ನಾಟಕ" ಎಂದು ಹಾಕಿ. ಸುಳ್ಳಲ್ಲವಲ್ಲ. ಗರ್ಭಗುಡಿಯಲ್ಲಿರುವ ಕೇಶವ ಮೂಲ ವಿಗ್ರಹವಲ್ಲ, ಮೂಲದ್ದು ಕಳೆದುಹೋಗಿದೆ ಎಂದು ಗೈಡ್ ನಿಮ್ಮೆದುರೇ ಬಾಯಿಬಿಟ್ಟು ಹೇಳಬಹುದು. ಅದನ್ನು ಮಾತ್ರ ಕಲಿಯಬೇಡಿ. ಗೈಡಿಗೆ ದುಡ್ಡು ಮೊದಲೇ ಮಾತಾಗಿರುತ್ತದೆ.

ಅತ್ತೆಯ ಗಂಟು ಖಾಲಿಯಾದ ಮೇಲೆ ಸರಕು ಎಲ್ಲಿಂದ ತರುವುದು ಎಂದು ಹೆದರಬೇಡಿ. ದೊಡ್ಡಮ್ಮ ಇದ್ದಾರೆ, ಸೋದರತ್ತೆ ಇದ್ದಾರೆ. "ನಿಮ್ಮ ನೆನಪಿಗೆ ಒಂದು ಸೀರೆ ಕೊಡಿ ಅತ್ತೆ" ಎಂದರೆ ಎರಡು ಕೊಡುತ್ತಾರೆ. ಅದೂ ಮುಗಿದರೆ ನಂಜನಗೂಡಿನ ಬಸ್ ಹತ್ತಿ. ಕಪಿಲೆಯಲ್ಲಿ ಮುಳುಗು ಹಾಕಿ, ಉಟ್ಟ ಬಟ್ಟೆಯನ್ನು ಹೊಳೆಗೇ ಬಿಟ್ಟರೆ ದೋಷ ಕಳೆಯುತ್ತದೆ ಎಂದು ನಂಬಿದವರು ಬಹಳ ಜನ. 2025ರ ಮಾರ್ಚ್‌ನಲ್ಲಿ ಪರಿಸರ ಸಚಿವ ಈಶ್ವರ ಖಂಡ್ರೆಯವರು ಯಾತ್ರಾಸ್ಥಳಗಳಲ್ಲಿ ನದಿಯ 500 ಮೀಟರ್ ಒಳಗೆ ಸೋಪು, ಶಾಂಪೂ ಮಾರದಂತೆ, ಜನ ನೀರಿಗೆ ಬಟ್ಟೆ ಬಿಡದಂತೆ ನೋಡಿಕೊಳ್ಳಲು ಸೂಚನೆ ಕೊಟ್ಟಿದ್ದಾರೆ. ಸೂಚನೆ ಜಾರಿಗೆ ಬಂದುಬಿಟ್ಟರೆ ಸರಕು ನಿಲ್ಲುತ್ತದೆ, ಬೇಗ ಹೋಗಿ. ಮೆಟ್ಟಿಲಿನ ಬದಿಗೆ ಸಿಕ್ಕಿಕೊಂಡದ್ದನ್ನು ಕೋಲಿನಿಂದ ಎಳೆದುಕೊಳ್ಳಿ, ಹಿಂಡಿ, ಚೀಲಕ್ಕೆ ಹಾಕಿ. ಯಾರ ದೋಷ ಯಾವ ಸೀರೆಯಲ್ಲಿದೆ ಎಂದು ವಿಚಾರ ಮಾಡುತ್ತ ಕೂರಬೇಡಿ. ದೋಷಕ್ಕೆ ತೂಕವಿಲ್ಲ, ಕೊರಿಯರ್ ಚಾರ್ಜ್ ಹೆಚ್ಚಾಗುವುದಿಲ್ಲ. ಮಾರುವಾಗ "ಪವಿತ್ರ ನದಿಯ ನೀರಿನಲ್ಲಿ ತೊಳೆದದ್ದು" ಎಂದು ಬರೆಯಿರಿ. ಈ ಕೈಪಿಡಿಯಲ್ಲಿ ಅಕ್ಷರಶಃ ನಿಜವಾದ ಜಾಹೀರಾತು ಇದೊಂದೇ, ಚೆನ್ನಾಗಿ ಬಳಸಿಕೊಳ್ಳಿ.

ಬೆಲೆ ಕಟ್ಟುವ ಮುಂಚೆ ಬೀದಿಯಲ್ಲಿ "ಹಳೇ ಜರಿ ಸೀರೇ..." ಎಂದು ಕೂಗಿಕೊಂಡು ಬರುವವನನ್ನು ಜಗಲಿಗೆ ಕರೆದು ಕೂರಿಸಿ. ಅವನು ಅಂಚನ್ನು ಉಗುರಿನಲ್ಲಿ ಕೆರೆದು, ಕಣ್ಣಿನ ಹತ್ತಿರ ಹಿಡಿದು, ಬೆಳ್ಳಿ ಎಷ್ಟು ಬಿಟ್ಟೀತು ಎಂದು ಲೆಕ್ಕ ಹಾಕಿ ಒಂದು ಮೊತ್ತ ಹೇಳುತ್ತಾನೆ. ಈ ವ್ಯಾಪಾರದಲ್ಲಿ ಸೀರೆಯನ್ನು ನಿಜವಾಗಿ ನೋಡುವವನು ಅವನೊಬ್ಬನೇ. ಒಂದು ಲೋಟ ನೀರು ಕೊಟ್ಟು ಕಳಿಸಿಬಿಡಿ. ಆಮೇಲೆ ಷೋರೂಮಿನಲ್ಲಿ ಹೊಸ ಸೀರೆಗೆ ಇವತ್ತಿನ ಬೆಲೆ ಎಷ್ಟೆಂದು ನೋಡಿ, ಅದರಲ್ಲಿ ಕಾಲುಭಾಗ ಇಳಿಸಿ, "ಅರ್ಜೆಂಟ್ ಸೇಲ್, ಮನಸ್ಸಿಲ್ಲದೆ ಕೊಡ್ತಿದೀನಿ" ಎಂದು ಹಾಕಿ. ಬೆಂಗಳೂರಿನಲ್ಲಿ ಮೈಸೂರು ಸಿಲ್ಕಿಗಾಗಿ ನಸುಕಿನಲ್ಲೇ ಮಳಿಗೆಯ ಮುಂದೆ ಸಾಲು ನಿಲ್ಲುವವರಿದ್ದಾರೆ. ಸಾಲಿನಲ್ಲಿ ಸಿಗದೆ ಹೋದವರು ಮಧ್ಯಾಹ್ನದ ಹೊತ್ತಿಗೆ ಫೋನ್ ತೆಗೆಯುತ್ತಾರೆ. ನಿಮ್ಮ ಜಾಹೀರಾತು ಆ ಹೊತ್ತಿಗೆ ಹೋಗಲಿ. ಬೆಲೆಯನ್ನು ಮಾತ್ರ ಬಹಿರಂಗವಾಗಿ ಬರೆಯಬೇಡಿ, "ಇನ್‌ಬಾಕ್ಸ್ ನೋಡಿ" ಅನ್ನಿ. ಹೆಸರು, ಡಿಪಿ, ಊರು ನೋಡಿ ಮೊತ್ತ ಹೇಳುವ ಸೌಲಭ್ಯವನ್ನು ಸುಮ್ಮನೆ ಏಕೆ ಕಳೆದುಕೊಳ್ಳುತ್ತೀರಿ?

ಮಾತಿನಲ್ಲಿ ಸಂಬಂಧವನ್ನು ಅಳತೆ ಮಾಡಿ ಬಳಸಿ. ದುಡ್ಡು ಬರುವ ತನಕ "ಅಕ್ಕಾ". ಬಂದ ಮೇಲೆ "ಮೇಡಂ". ದೂರು ಬಂದ ಮೇಲೆ "ನೋಡಿ ಇವ್ರೇ". ವಯಸ್ಸು ಎಷ್ಟೇ ಆಗಿರಲಿ, "ಆಂಟಿ" ಎಂದು ಮಾತ್ರ ಅನ್ನಬೇಡಿ, ಅದರಿಂದ ಹಾಳಾದ ವ್ಯಾಪಾರ ರಫುವಿಗೂ ಬರುವುದಿಲ್ಲ.

ಒಂದು ದಿನ ನಿಮಗೆ ಚೌಕಾಸಿಯೇ ಮಾಡದ ಗಿರಾಕಿ ಸಿಗುತ್ತಾನೆ. ತಾನು ಮಿಲಿಟರಿ ಅಧಿಕಾರಿ, ದೂರದ ಗಡಿಯಲ್ಲಿ ಇದ್ದೇನೆ, ಹೆಂಡತಿಗೆ ಸೀರೆ ಬೇಕು, ಹೇಳಿದ ಬೆಲೆ ಕೊಡುತ್ತೇನೆ ಎನ್ನುತ್ತಾನೆ. ಸಮವಸ್ತ್ರದ ಚಿತ್ರ, ಗುರುತಿನ ಚೀಟಿ ಎರಡೂ ಬರುತ್ತವೆ. ಆಮೇಲೆ ಒಂದು ಕ್ಯೂಆರ್ ಕೋಡ್ ಬರುತ್ತದೆ: ಸ್ಕ್ಯಾನ್ ಮಾಡಿ ಪಿನ್ ಒತ್ತಿದರೆ ದುಡ್ಡು ನಿಮ್ಮ ಖಾತೆಗೆ ಬೀಳುತ್ತದಂತೆ. ತಕ್ಷಣ ಒತ್ತಿ. ದುಡ್ಡು ಬರುವುದಕ್ಕೆ ಪಿನ್ ಬೇಕಾಗಿಲ್ಲ, ಹೋಗುವುದಕ್ಕೆ ಮಾತ್ರ ಬೇಕು ಎಂದು ಬ್ಯಾಂಕಿನವರು ವರ್ಷಪೂರ್ತಿ ಮೆಸೇಜ್ ಕಳಿಸುತ್ತಾರೆ. ಅದನ್ನು ಓದುವ ಬಿಡುವು ವ್ಯಾಪಾರಸ್ಥರಿಗೆ ಎಲ್ಲಿದೆ? ಒಮ್ಮೆ ಹೋದರೆ "ತಪ್ಪಾಗಿ ಕಟ್ ಆಗಿದೆ, ವಾಪಸ್ ಹಾಕ್ತೀನಿ" ಎಂದು ಇನ್ನೊಂದು ಕೋಡ್ ಕಳಿಸುತ್ತಾನೆ. ಸೈನಿಕರ ಮೇಲೆ ಅಪನಂಬಿಕೆ ಬೇಡ, ಅದನ್ನೂ ಸ್ಕ್ಯಾನ್ ಮಾಡಿ. ಕೂಡಲೇ 1930ಕ್ಕೆ, ಅಂದರೆ ಸೈಬರ್ ವಂಚನೆಯ ಸಹಾಯವಾಣಿಗೆ, ಫೋನ್ ಮಾಡಿದರೆ ಹೋದ ದುಡ್ಡನ್ನು ನಡುದಾರಿಯಲ್ಲಿ ತಡೆಯುವ ಅವಕಾಶ ಇರುತ್ತದೆ. ಆದ್ದರಿಂದ ಮೊದಲು ಭಾವನಿಗೆ ಫೋನ್ ಮಾಡಿ, ನಂತರ ಜ್ಯೋತಿಷಿಯನ್ನು ಕಾಣಿ, ಮುಂದಿನ ಸೋಮವಾರ ಒಳ್ಳೆಯ ದಿನ ನೋಡಿ 1930 ಒತ್ತಿ.

ಒಳ್ಳೆಯ ಗಿರಾಕಿ ಸಿಕ್ಕಾಗ ಪೊಟ್ಟಣ ಕಟ್ಟಿ. ಕೆಟ್ಟುಹೋದ ಮಡಿಕೆ ಒಳಗೆ, ಚೆನ್ನಾಗಿರುವ ಸೆರಗು ಮೇಲೆ. ಒಂದು ಮಲ್ಲಿಗೆ ಸೆಂಟಿನ ಹತ್ತಿ ಇಡಿ, ನುಸಿಗುಳಿಗೆಯ ವಾಸನೆಗೆ ಜೊತೆಯಾಗುತ್ತದೆ. ಬನ್ನೂರಿಗೋ ನರಸೀಪುರಕ್ಕೋ ಹೋಗಿ ಸ್ಪೀಡ್ ಪೋಸ್ಟ್ ಮಾಡಿ. ರಿಜಿಸ್ಟರ್ಡ್ ಪೋಸ್ಟ್ ಕೇಳಬೇಡಿ, ಅದನ್ನು 2025ರಲ್ಲಿ ಸ್ಪೀಡ್ ಪೋಸ್ಟಿನೊಳಗೆ ಸೇರಿಸಿದ್ದಾರೆ. ಪೊಟ್ಟಣ ಹೊರಟ ಮೇಲೆ ಷರತ್ತು ಕಳಿಸಿ, ಮುಂಚೆ ಅಲ್ಲ: "ಪೊಟ್ಟಣದ ಆರೂ ಮಗ್ಗುಲು ಕಾಣುವಂತೆ, ಕಟ್ ಇಲ್ಲದೆ, ಪಾಜ್ ಇಲ್ಲದೆ ಅನ್‌ಬಾಕ್ಸಿಂಗ್ ವಿಡಿಯೋ ಮಾಡಿರಬೇಕು, ಇಲ್ಲದಿದ್ದರೆ ದೂರು ಕೇಳುವುದಿಲ್ಲ." ಒಂದು ಕೈಯಲ್ಲಿ ಫೋನ್, ಒಂದು ಕೈಯಲ್ಲಿ ಕತ್ತರಿ ಹಿಡಿದು ಐದೂವರೆ ಮೀಟರ್ ಸೀರೆ ಬಿಚ್ಚಬಲ್ಲ ಹೆಂಗಸು ಇನ್ನೂ ಹುಟ್ಟಬೇಕು. ಅಕಸ್ಮಾತ್ ಮಾಡಿ ಕಳಿಸಿದರೆ ವಿಡಿಯೋದಲ್ಲಿ ಸೊಸೆ "ಅಯ್ಯೋ" ಅಂದದ್ದು ಕೇಳಿಸಿತು, ಗಮನ ಬೇರೆಡೆ ಹೋಗಿದೆ ಎಂದು ತಳ್ಳಿಹಾಕಿ. ಹೇಳಿದ್ದೊಂದು ಕಳಿಸಿದ್ದೊಂದು ಆದರೆ ವಾಪಸ್ ತೆಗೆದುಕೊಳ್ಳಲೇಬೇಕು ಎಂದು ಅದೇ 2020ರ ನಿಯಮಗಳಲ್ಲಿದೆ. ಅದು ವ್ಯಾಪಾರಿಗಳಿಗೆ. ಆ ಕ್ಷಣಕ್ಕೆ ನೀವು ಹೌಸ್‌ವೈಫು.

ಮೆಚ್ಚುಗೆಯ ಮಾತಿಗೆ ಗಿರಾಕಿಗಳನ್ನು ಕಾಯಬೇಡಿ. ನಾದಿನಿ, ತಂಗಿ, ತಂಗಿಯ ಗಂಡ, ನೀವೇ, ನಿಮ್ಮ ಎರಡನೇ ಸಿಮ್ ಎಲ್ಲರೂ ಐದು ನಕ್ಷತ್ರ ಕೊಡಿ. ಮಾರುವವರೇ ಗ್ರಾಹಕರ ವೇಷದಲ್ಲಿ ವಿಮರ್ಶೆ ಬರೆಯಬಾರದು ಎಂದೂ ನಿಯಮ ಇದೆ. ತಂಗಿಯ ಗಂಡ ಸೀರೆಯ ಬಗ್ಗೆ "ತುಂಬಾ ಕಂಫರ್ಟೆಬಲ್" ಎಂದು ಬರೆಯದಂತೆ ನೋಡಿಕೊಂಡರೆ ಸಾಕು.

ತೆರಿಗೆಯ ವಿಷಯ ಚಿಕ್ಕದು. ಸ್ವಂತದ ಹಳೇ ಸಾಮಾನು ಮಾರುವುದು ವ್ಯಾಪಾರವಲ್ಲ. ಮನೆಯ ಹಳೇ ಚಿನ್ನ ಮಾರಿದವರ ಬಗ್ಗೆ 2017ರ ಜುಲೈನಲ್ಲೇ ಕೇಂದ್ರ ಸರ್ಕಾರ ಹಾಗೆ ಸ್ಪಷ್ಟಪಡಿಸಿತ್ತು. ವ್ಯಾಪಾರವೇ ಆದರೂ ಸರಕಿಗೆ ವರ್ಷದ ವಹಿವಾಟು 40 ಲಕ್ಷ ದಾಟುವ ತನಕ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಿಲ್ಲ. ದಾಟಿದರೂ ಹಳೇ ವಸ್ತು ಕೊಂಡು ಮಾರುವವರು ಕೊಂಡ ಬೆಲೆಗೂ ಮಾರಿದ ಬೆಲೆಗೂ ಇರುವ ಅಂತರಕ್ಕಷ್ಟೇ ತೆರಿಗೆ ಕಟ್ಟುವ ಅವಕಾಶ ಇದೆ. ಕಾನೂನು ಇಷ್ಟು ಉದಾರವಾಗಿರುವಾಗ ಪುಸ್ತಕದಲ್ಲಿ ಲೆಕ್ಕ ಬರೆದಿಟ್ಟರೆ ಯಾವ ಭಯವೂ ಇರುವುದಿಲ್ಲ. ಭಯವಿಲ್ಲದ ವ್ಯಾಪಾರದಲ್ಲಿ ಏನು ರುಚಿ? ಲೆಕ್ಕ ಇಡಬೇಡಿ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆ ನೋಡಿ ಬೇಕರಿ, ಕಾಂಡಿಮೆಂಟ್ಸ್‌ನವರಿಗೆಲ್ಲ ನೋಟಿಸ್ ಕಳಿಸಿದಾಗ ಅಂಗಡಿಗಳ ಮುಂದೆ "ಯುಪಿಐ ಇಲ್ಲ, ಕ್ಯಾಶ್ ಮಾತ್ರ" ಎಂಬ ಚೀಟಿ ಬಿದ್ದವು. ನೀವೂ ಒಂದು ಚೀಟಿ ಬರೆದು ನಿಮ್ಮ ಇನ್‌ಸ್ಟಾಗ್ರಾಂ ಪುಟಕ್ಕೆ ಅಂಟಿಸಿ. ಮಂಗಳೂರಿನ ಗಿರಾಕಿ ಕ್ಯಾಶ್ ಹೇಗೆ ಕಳಿಸುತ್ತಾರೆ ಎಂಬುದು ಅವರ ತಲೆನೋವು.

ಇಷ್ಟೆಲ್ಲ ಮಾಡಿದ ಮೇಲೂ ಒಬ್ಬರು 1915ಕ್ಕೆ, ಅಂದರೆ ಗ್ರಾಹಕರ ಸಹಾಯವಾಣಿಗೆ, ಫೋನ್ ಮಾಡುತ್ತೇನೆ ಎನ್ನುತ್ತಾರೆ. ಅಂಥವರ ಹತ್ತಿರ ಹಟ ಮಾಡಬೇಡಿ. "ನಿಮ್ಮ ಖರ್ಚಲ್ಲಿ ವಾಪಸ್ ಕಳಿಸಿ, ನೋಡಿ ದುಡ್ಡು ಹಾಕ್ತೀನಿ" ಅನ್ನಿ. ಪೊಟ್ಟಣ ಬಂದಾಗ ಬಾಗಿಲು ಹಾಕಿಕೊಂಡು ಬಿಚ್ಚಿ. ಅವರೂ ಈ ಕೈಪಿಡಿ ಓದಿದ್ದರೆ ಒಳಗೆ ನಿಮ್ಮ ಅತ್ತೆಯ ಸೀರೆಯ ಬದಲು ಅವರ ಅತ್ತೆಯ ಸೀರೆ ಇರುತ್ತದೆ. ಗಲಾಟೆ ಮಾಡಬೇಡಿ. ಕಿಟಕಿಯ ಹತ್ತಿರ ಬೆಳಕಿಗೆ ಹಿಡಿದು ಎಣಿಸಿ. ನಿಮ್ಮದಕ್ಕಿಂತ ತೂತು ಕಡಿಮೆ ಇದ್ದರೆ ಸುಮ್ಮನಿರಿ.